ಹಳೇ ಸೀರೆ, ಹಳೇ ಶರ್ಟು, ಹೊಸ ಕೌದಿ: ಬಟ್ಟೆ ಆಯುವುದು ಹೇಗೆ?

ಈಗ ಬೆಂಗಳೂರಿನಲ್ಲಿ ಹಳೇ ಬಟ್ಟೆ ಮಾರುವ ಅಂಗಡಿಗಳು ಹೆಚ್ಚುತ್ತಿವೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪುಗಳಲ್ಲೂ ‘ಒಂದೆರಡು ಸಲ ಉಟ್ಟ ಸೀರೆ, ಯಾರಿಗಾದರೂ ಬೇಕಾ?’ ಎಂಬ ಫೋಟೋಗಳು ಬರುತ್ತವೆ. ಜೊತೆಗೆ ಕ್ವಿಲ್ಟ್ ಹೊಲಿಯುವ ಆಸೆಯೂ ಜಾಸ್ತಿಯಾಗಿದೆ. ನನ್ನ ಪರಿಚಯದವರಲ್ಲೇ ನಾಲ್ಕೈದು ಜನ ಈ ವರ್ಷ ಶುರು ಮಾಡಿದರು. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ‘ಹಳೇ ಬಟ್ಟೆ ತಂದುಬಿಟ್ಟೆ, ಇದು ಕ್ವಿಲ್ಟಿಗೆ ಆಗುತ್ತಾ?’

ಆಗುತ್ತದೆ. ಆದರೆ ಎಲ್ಲಾ ಬಟ್ಟೆಯೂ ಆಗುವುದಿಲ್ಲ. ಕ್ವಿಲ್ಟ್ ಹಾಳಾಗುವುದು ಹೊಲಿಗೆ ಸೊಟ್ಟಗಾಗಿದ್ದಕ್ಕಲ್ಲ. ಒಂದು ದುರ್ಬಲ ತುಂಡು ಹರಿದು, ಅಲ್ಲಿಂದ ಸುತ್ತಲಿನ ಹೊಲಿಗೆ ಬಿಟ್ಟುಕೊಂಡು ಹಾಳಾಗುತ್ತದೆ. ಹಾಗಾಗಿ ಬಟ್ಟೆ ಆಯುವುದೇ ಅರ್ಧ ಕೆಲಸ ಅಂತ ನಾನು ನಂಬಿದ್ದೇನೆ. ಆ ಅರ್ಧವನ್ನು ಇಲ್ಲಿ ಬುಡದಿಂದ ಹೇಳುತ್ತೇನೆ.

ಕ್ವಿಲ್ಟ್ ಅಂದರೆ ಏನು?

ಮೂರು ಪದರದ ಹೊದಿಕೆ. ಮೇಲೆ ತುಂಡು ಬಟ್ಟೆಗಳನ್ನು ಜೋಡಿಸಿದ ಚಂದದ ಪದರ, ನಡುವೆ ಬೆಚ್ಚಗಿಡುವ ಪದರ, ಕೆಳಗೆ ಅಸ್ತರಿ. ಈ ಮೂರೂ ಜಾರಾಡದಂತೆ ಉದ್ದಕ್ಕೂ ಹೊಲಿಗೆ ಹಾಕುತ್ತಾರೆ. ಆ ಹೊಲಿಗೆಯೇ ‘ಕ್ವಿಲ್ಟಿಂಗ್’. ತುಂಡುಗಳನ್ನು ಒಂದಕ್ಕೊಂದು ಸೇರಿಸುವುದು ಬೇರೆ ಕೆಲಸ, ಅದನ್ನು ‘ಪ್ಯಾಚ್‌ವರ್ಕ್’ ಅನ್ನುತ್ತಾರೆ.

ನಮಗಿದು ಹೊಸತಲ್ಲ. ಉತ್ತರ ಕರ್ನಾಟಕದ ಮನೆಮನೆಯಲ್ಲಿ ಕೌದಿ ಇದೆ. ಹಳೇ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ದಪ್ಪ ದಾರದಲ್ಲಿ ಸಾಲು ಸಾಲಾಗಿ ಹೊಲಿಯುತ್ತಾರೆ. ಮನೆಮುಂದೆ ಕೂತು ಕೌದಿ ಹೊಲಿದುಕೊಡುವ ಹೆಂಗಸರು ಹುಬ್ಬಳ್ಳಿ–ಧಾರವಾಡದ ಕಡೆ ಓಣಿ ಓಣಿಗೆ ಬರುತ್ತಿದ್ದರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಸುತ್ತಲಿನ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಗೆ ದೇಶದ ಹೊರಗೂ ಹೆಸರಿದೆ. ಅವರು ಅಂಚಿನಿಂದ ಶುರು ಮಾಡಿ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಮಡಚಿದ ತ್ರಿಕೋನದ ತುಂಡು ಇಡುತ್ತಾರೆ. ಅದಕ್ಕೆ ‘ಫುಲಾ’, ಅಂದರೆ ಹೂವು ಎಂಬ ಹೆಸರು. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಪೂರ್ತಿಯಾಗಿಲ್ಲ.

ಹಾಗಾದರೆ ಕೌದಿಗೂ ಕ್ವಿಲ್ಟಿಗೂ ಏನು ವ್ಯತ್ಯಾಸ? ಪಾಶ್ಚಾತ್ಯ ಕ್ವಿಲ್ಟಿನಲ್ಲಿ ಮೇಲ್ಪದರವನ್ನು ಮೊದಲೇ ಅಳತೆ ಹಿಡಿದು ಜೋಡಿಸುತ್ತಾರೆ. ಕೌದಿಯಲ್ಲಿ ಸಾಮಾನ್ಯವಾಗಿ ತುಂಡನ್ನು ಪದರದ ಮೇಲೇ ಇಟ್ಟು, ಎಲ್ಲವನ್ನೂ ಸೇರಿಸಿ ಹೊಲಿಯುತ್ತಾ ಹೋಗುತ್ತಾರೆ. ಬಟ್ಟೆ ಆಯುವ ವಿಷಯಕ್ಕೆ ಬಂದರೆ ಎರಡಕ್ಕೂ ನಿಯಮ ಒಂದೇ.

ಬೆಂಗಳೂರಿನಲ್ಲಿ ಎಲ್ಲಿ ಹುಡುಕಬೇಕು?

ಮೊದಲು ಮನೆಯ ಬೀರು. ನಂತರ ಅಮ್ಮ, ಅತ್ತೆ, ಚಿಕ್ಕಮ್ಮನ ಬೀರು. ಹೀಗೆ ಸಿಗುವ ಬಟ್ಟೆಯ ಜಾತಕ ನಿಮಗೆ ಗೊತ್ತಿರುತ್ತದೆ: ಎಷ್ಟು ವರ್ಷ ಉಟ್ಟದ್ದು, ಹೇಗೆ ಒಗೆದದ್ದು, ಬಣ್ಣ ಬಿಡುತ್ತಿತ್ತೋ ಇಲ್ಲವೋ. ಅಂಗಡಿಯಲ್ಲಿ ಈ ಮಾಹಿತಿ ಸಿಗುವುದಿಲ್ಲ.

ಆಮೇಲೆ ನಿಮ್ಮ ಬೀದಿಯ ಟೈಲರ್. ಬ್ಲೌಸ್, ಚೂಡಿದಾರ್ ಹೊಲಿದು ಉಳಿದ ತುಂಡುಗಳನ್ನು ಬಹಳ ಜನ ಮೂಟೆ ಕಟ್ಟಿ ಎಸೆಯುತ್ತಾರೆ. ಕೇಳಿದರೆ ಸುಮ್ನೆ ಕೊಡುತ್ತಾರೆ. ಇದು ಹೊಸ ಬಟ್ಟೆ, ಸವೆದಿರುವುದಿಲ್ಲ. ತುಂಡು ಚಿಕ್ಕದು, ಅಷ್ಟೇ. ಆದರೆ ಆ ಮೂಟೆಯಲ್ಲಿ ಪಾಲಿಯೆಸ್ಟರ್, ಸ್ಯಾಟಿನ್, ನೆಟ್ ಎಲ್ಲವೂ ಕಲೆತಿರುತ್ತವೆ, ಆರಿಸಿಕೊಳ್ಳಬೇಕು.

ಚಿಕ್ಕಪೇಟೆಗೆ ಹೋದರೆ ಕಟ್ ಪೀಸ್ ಅಂಗಡಿಗಳು. ಥಾನಿನ ಕೊನೆಯಲ್ಲಿ ಉಳಿದ ಅರ್ಧ ಮೀಟರ್, ಮುಕ್ಕಾಲು ಮೀಟರ್ ತುಂಡುಗಳು ಇಲ್ಲಿ ಸಿಗುತ್ತವೆ. 2017ರಿಂದ ಹಸಿರು ಮಾರ್ಗದ ಮೆಟ್ರೋ ಚಿಕ್ಕಪೇಟೆಗೇ ಬರುವುದರಿಂದ ಮೂಟೆ ಹೊತ್ತು ವಾಪಸ್ ಬರುವುದು ಸುಲಭವಾಗಿದೆ. ಅದೇ ಪೇಟೆಯ ಆಸುಪಾಸಿನಲ್ಲಿ ಭಾನುವಾರ ಕೂರುವ ಸಂಡೇ ಬಜಾರಿನಲ್ಲಿ ಹಳೇ ಶರ್ಟು, ಪ್ಯಾಂಟು, ಬೆಡ್‌ಶೀಟುಗಳ ರಾಶಿ ಇರುತ್ತದೆ. ಬೆಳಿಗ್ಗೆ ಬೇಗ ಹೋಗಿ. ನೋಡುವುದಕ್ಕೆ ಬೆಳಕೂ ಚೆನ್ನಾಗಿರುತ್ತದೆ, ರಾಶಿಯನ್ನು ಇನ್ನೂ ಯಾರೂ ಕೆದಕಿರುವುದಿಲ್ಲ.

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ ಕಡೆ ಗಾರ್ಮೆಂಟ್ಸ್ ಕಾರ್ಖಾನೆಗಳಿವೆ. ಅಲ್ಲಿ ರಫ್ತಿಗೆ ಹೊಲಿದು ಉಳಿದ ಮಾಲು ಸರ್ಪ್ಲಸ್ ಅಂಗಡಿಗಳಿಗೆ ಬರುತ್ತದೆ. ಬಟನ್ ತಪ್ಪಾದ ಶರ್ಟು, ಹೊಲಿಗೆ ಬಿಟ್ಟ ಶರ್ಟು ತೊಡುವವರಿಗೆ ಬೇಡ, ನಮಗೆ ಬೇಕು. ಇನ್ನು ಸ್ಟೀಲ್ ಪಾತ್ರೆ ಕೊಟ್ಟು ಹಳೇ ಬಟ್ಟೆ ತಗೊಳ್ಳುವವರು ಕೆಲವು ಬಡಾವಣೆಗಳಿಗೆ ಈಗಲೂ ಬರುತ್ತಾರೆ. ಅವರ ಗಂಟಿನಿಂದ ಸೀರೆ ಕೊಳ್ಳಬಹುದಾ ಅಂತ ಕೇಳಿ ನೋಡಿ.

ಒಂದು ಮಾತು. ಇನ್ನೂ ತೊಡಲು ಚೆನ್ನಾಗಿರುವ ಬಟ್ಟೆಯನ್ನು ತೊಡುವವರಿಗೇ ಬಿಡಿ. ಕಾಲರ್ ಸವೆದದ್ದು, ಜೇಬಿನ ಹತ್ತಿರ ಇಂಕ್ ಕಲೆಯಾದದ್ದು, ಮೊಣಕೈ ಹರಿದದ್ದು, ಇಂಥವನ್ನು ಆರಿಸಿಕೊಳ್ಳಿ. ಕತ್ತರಿಸಿದಾಗ ಆ ಭಾಗ ಹೇಗೂ ಹೋಗುತ್ತದೆ.

ನೇಯ್ದದ್ದೋ, ಹೆಣೆದದ್ದೋ?

ಬಟ್ಟೆಯಲ್ಲಿ ಎರಡು ಕುಲ. ಮಗ್ಗದಲ್ಲಿ ನೇಯ್ದದ್ದು ಒಂದು: ಸೀರೆ, ಪಂಚೆ, ಶರ್ಟಿನ ಬಟ್ಟೆ, ಬೆಡ್‌ಶೀಟು. ಸ್ವೆಟರ್ ಹಾಗೆ ಕುಣಿಕೆ ಕುಣಿಕೆಯಾಗಿ ಹೆಣೆದದ್ದು ಇನ್ನೊಂದು: ಬನಿಯನ್, ಟೀ ಶರ್ಟು, ಲೆಗ್ಗಿಂಗ್ಸ್. ಹೆಣೆದ ಬಟ್ಟೆ ಎಳೆದತ್ತ ಬರುತ್ತದೆ. ಚೌಕ ಕತ್ತರಿಸಿದರೆ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಮೊದಲ ಕ್ವಿಲ್ಟಿಗೆ ನೇಯ್ದದ್ದನ್ನೇ ತಗೊಳ್ಳಿ.

ನೇಯ್ದ ಬಟ್ಟೆಯಲ್ಲಿ ಎರಡು ದಿಕ್ಕಿನ ನೂಲು ಇರುತ್ತದೆ. ಉದ್ದಕ್ಕೆ ಹೋಗುವುದು ಹಾಸು, ಅಡ್ಡಕ್ಕೆ ಹೋಗುವುದು ಹೊಕ್ಕು. ‘ಹಾಸುಹೊಕ್ಕು’ ಅನ್ನುವ ಮಾತು ನಾವು ದಿನಾ ಬಳಸುತ್ತೇವೆ, ಅದು ಮಗ್ಗದಿಂದ ಬಂದದ್ದು. ಮಗ್ಗದಲ್ಲಿ ಹಾಸನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಹಾಗಾಗಿ ಬಟ್ಟೆ ಆ ದಿಕ್ಕಿನಲ್ಲಿ ಹಿಗ್ಗುವುದು ಬಹಳ ಕಡಿಮೆ. ಹೊಕ್ಕಿನ ದಿಕ್ಕಿನಲ್ಲಿ ಸ್ವಲ್ಪ ಹಿಗ್ಗುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದರೆ ರಬ್ಬರಿನ ಹಾಗೆ ಬರುತ್ತದೆ. ಟೈಲರುಗಳು ‘ಕ್ರಾಸ್’ ಅನ್ನುವುದು ಈ ಓರೆಗೇ.

ಇದೆಲ್ಲ ಯಾಕೆ ಬೇಕು? ಚೌಕದ ಬದಿಗಳು ಹಾಸು–ಹೊಕ್ಕಿನ ಗುಂಟ ಇದ್ದರೆ ಹೊಲಿಯುವಾಗ ಆಕಾರ ಕೆಡುವುದಿಲ್ಲ. ಓರೆಯಾಗಿ ಕತ್ತರಿಸಿದ ಚೌಕ ಐದು ಇಂಚಿದ್ದದ್ದು ಹೊಲಿಯುತ್ತಾ ಐದೂಕಾಲು ಆಗುತ್ತದೆ, ಸಾಲು ಕೂಡುವುದಿಲ್ಲ. ಹೊಸ ಬಟ್ಟೆಯಲ್ಲಿ ಅಂಚು ನೋಡಿದರೆ ಹಾಸು ಯಾವ ಕಡೆ ಅಂತ ತಿಳಿಯುತ್ತದೆ. ಹಳೇ ಶರ್ಟಿನಲ್ಲಿ ಅಂಚು ಇರುವುದಿಲ್ಲ, ಆದ್ದರಿಂದ ಎರಡೂ ದಿಕ್ಕಿಗೆ ಎಳೆದು ನೋಡಿ. ಕಡಿಮೆ ಹಿಗ್ಗಿದ್ದು ಹಾಸು. ಶರ್ಟಿನ ಬೆನ್ನಿನಲ್ಲಿ ಸಾಮಾನ್ಯವಾಗಿ ಅದು ಕತ್ತಿನಿಂದ ಸೊಂಟಕ್ಕೆ ಇಳಿದಿರುತ್ತದೆ.

ಹತ್ತಿ ಹೌದೋ ಅಲ್ಲವೋ: ಬೆಂಕಿಯ ಪರೀಕ್ಷೆ

ಕ್ವಿಲ್ಟಿಗೆ ಹತ್ತಿಯೇ ಯಾಕೆ? ಹತ್ತಿ ಇಸ್ತ್ರಿಯ ಬಿಸಿ ತಡೆಯುತ್ತದೆ, ಮಡಿಸಿದ ಗೆರೆ ಕೂರುತ್ತದೆ, ಒಂದರ ಮೇಲೊಂದು ಇಟ್ಟರೆ ಜಾರುವುದಿಲ್ಲ. ಪಾಲಿಯೆಸ್ಟರ್ ಜಾರುತ್ತದೆ. ಹತ್ತಿಗೆ ಇಡುವ ಬಿಸಿಯಲ್ಲಿ ಇಸ್ತ್ರಿ ಮಾಡಿದರೆ ಮುದುಡುತ್ತದೆ ಅಥವಾ ಅಂಟುತ್ತದೆ. ಎರಡನ್ನೂ ಒಂದೇ ಕ್ವಿಲ್ಟಿನಲ್ಲಿ ಸೇರಿಸಿದರೆ ಇನ್ನೊಂದು ತೊಂದರೆ. ಒಗೆದಾಗ ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ, ಹೊಲಿಗೆಯ ಗುಂಟ ನೆರಿಗೆ ಬೀಳುತ್ತದೆ.

ಹಳೇ ಬಟ್ಟೆಯಲ್ಲಿ ಚೀಟಿ ಹರಿದುಹೋಗಿರುತ್ತದೆ. ಆಗ ಒಳಗಿನ ಹೊಲಿಗೆಯ ಅಂಚಿನಿಂದ ನಾಲ್ಕು ನೂಲು ಎಳೆದುಕೊಳ್ಳಿ. ಚಿಮಟದಲ್ಲಿ ಹಿಡಿದು, ಕೆಳಗೆ ನೀರು ಹಾಕಿದ ಸ್ಟೀಲ್ ತಟ್ಟೆ ಇಟ್ಟು, ಬೆಂಕಿ ತೋರಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಮೃದುವಾಗಿ ಉದುರುತ್ತದೆ. ಪಾಲಿಯೆಸ್ಟರಾದರೆ ಉರಿಯುವ ಮೊದಲೇ ಕರಗಿ ಮುದುಡುತ್ತದೆ, ಆರಿದ ಮೇಲೆ ತುದಿಯಲ್ಲಿ ಗಟ್ಟಿ ಮಣಿ ಉಳಿಯುತ್ತದೆ. ರೇಷ್ಮೆ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಮೃದು ಬೂದಿಯ ಜೊತೆ ಗಟ್ಟಿ ಚೂರೂ ಸಿಕ್ಕರೆ ಅದು ಹತ್ತಿ–ಪಾಲಿಯೆಸ್ಟರ್ ಕಲಬೆರಕೆ. ಆಫೀಸ್ ಶರ್ಟುಗಳಲ್ಲಿ ಇದು ಬಹಳ.

ಈ ಪರೀಕ್ಷೆಗೆ ಸಿಗದ ಒಂದು ಬಟ್ಟೆ ಇದೆ: ರೇಯಾನ್. ಈಗಿನ ನೈಟಿ, ಕುರ್ತಿಗಳಲ್ಲಿ ಎಲ್ಲೆಲ್ಲೂ ಇದೇ. ಮರದ ತಿರುಳಿನಿಂದ ಮಾಡಿದ್ದರಿಂದ ಇದೂ ಕಾಗದದ ಹಾಗೇ ಉರಿಯುತ್ತದೆ. ಹಿಡಿಯುವುದು ಹೇಗೆ? ಒಂದು ನೂಲನ್ನು ನಡುವೆ ಒದ್ದೆ ಮಾಡಿ ಎಳೆಯಿರಿ. ಒದ್ದೆಯಾದ ಕಡೆ ಪಟ್ಟನೆ ತುಂಡಾದರೆ ರೇಯಾನ್. ಹತ್ತಿ ಒದ್ದೆಯಾದಾಗ ಗಟ್ಟಿಯಾಗುತ್ತದೆ, ರೇಯಾನ್ ಒದ್ದೆಯಾದಾಗ ಸೋಲುತ್ತದೆ. ಕ್ವಿಲ್ಟನ್ನು ಒಗೆಯುವುದು ನೀರಿನಲ್ಲೇ ಅಲ್ವಾ? ಅದಕ್ಕೇ ಅದು ಬೇಡ.

ರೇಷ್ಮೆ ಸೀರೆ ಸಿಕ್ಕರೆ? ಅದನ್ನು ಹತ್ತಿಯ ಜೊತೆ ಬೆರೆಸಬೇಡಿ. ಜರಿ ಸೀರೆಯಾದರಂತೂ ಕತ್ತರಿ ಹಾಕುವ ಮುನ್ನ ನಿಲ್ಲಿ. ಹಳೇ ಕಾಲದ ಅಸಲಿ ಜರಿ ಎಂದರೆ ಚಿನ್ನದ ನೀರು ಕೊಟ್ಟ ಬೆಳ್ಳಿಯ ಎಳೆ. ಅದನ್ನು ತೂಕಕ್ಕೆ ಕೊಳ್ಳುವವರು ಪೇಟೆಯಲ್ಲಿದ್ದಾರೆ. ಹೇಗೂ ಜರಿ ಕೆನ್ನೆಗೆ ಚುಚ್ಚುತ್ತದೆ, ಹೊದಿಕೆಗೆ ಹೊಂದುವುದಿಲ್ಲ. ಇಳಕಲ್ ಸೀರೆಯಲ್ಲಿ ಮೈ ಹತ್ತಿ, ಸೆರಗು ರೇಷ್ಮೆ ಇರುವುದುಂಟು. ಎರಡನ್ನೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಅಂಥದ್ದು ಸಿಕ್ಕರೆ ಸೆರಗನ್ನು ಬೇರೆ ಎತ್ತಿಡಿ.

ಬಟ್ಟೆಯಲ್ಲಿ ಇನ್ನೂ ಜೀವ ಇದೆಯೇ?

ನಮ್ಮ ಎದುರು ಮನೆಯಲ್ಲಿ ಗದಗದ ಕಡೆಯ ಅಜ್ಜಿಯೊಬ್ಬರಿದ್ದಾರೆ. ನಾನು ಮೊದಲ ಸಲ ಸಂಡೇ ಬಜಾರಿನಿಂದ ತಂದ ಮೂಟೆ ಬಿಚ್ಚಿ ತೋರಿಸಿದಾಗ ಅವರು ಬಣ್ಣ ನೋಡಲೇ ಇಲ್ಲ. ಒಂದೊಂದನ್ನೂ ಕಿಟಕಿಗೆ ಹಿಡಿದರು. ‘ಬೆಳಕಿಗಿ ಹಿಡದ ನೋಡವ್ವಾ, ಎಳದ ನೋಡು. ಆಮ್ಯಾಲೆ ಕತ್ತರಿ ಹಚ್ಚು’ ಅಂದರು.

ಅವರು ನೋಡುತ್ತಿದ್ದದ್ದು ಸವೆತ. ಬೆಳಕಿಗೆ ಹಿಡಿದಾಗ ಗಟ್ಟಿ ಬಟ್ಟೆ ಎಲ್ಲ ಕಡೆ ಒಂದೇ ಸಮ ಕಾಣುತ್ತದೆ. ಸವೆದ ಕಡೆ ಸೊಳ್ಳೆ ಪರದೆಯ ಹಾಗೆ ಬೆಳಕು ತೂರಿ ಬರುತ್ತದೆ. ಶರ್ಟಿನಲ್ಲಿ ಕಾಲರ್ ಮಡಿಕೆ, ಕಂಕುಳು, ಮೊಣಕೈ ಮೊದಲು ಹೋಗುತ್ತವೆ. ಪಂಚೆ, ಲುಂಗಿಯಲ್ಲಿ ಕೂರುವ ಭಾಗ. ಬೆಡ್‌ಶೀಟಿನಲ್ಲಿ ನಟ್ಟನಡುವೆ, ಪಕ್ಕಗಳು ಗಟ್ಟಿ ಇರುತ್ತವೆ. ಸೀರೆಯಲ್ಲಿ ಕಾಲಿಗೆ ತಾಗುವ ಕೆಳಅಂಚು, ಪಿನ್ ಹಾಕುವ ಭುಜದ ಜಾಗ.

ಸೀರೆಗೆ ಇನ್ನೊಂದು ಗುಟ್ಟಿನ ಜಾಗವಿದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ಸೀರೆ ಆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ನೋಡಿದರೆ ತಿಳಿಯುವುದಿಲ್ಲ, ಎಳೆದರೆ ತಿಳಿಯುತ್ತದೆ. ಎರಡೂ ಹೆಬ್ಬೆರಳು ಪಕ್ಕಪಕ್ಕ ಇಟ್ಟು ಬಟ್ಟೆ ಹಿಡಿದು, ಹೊರಕ್ಕೆ ಜಗ್ಗಿ. ಗಟ್ಟಿ ಬಟ್ಟೆ ‘ಟಪ್’ ಅಂತ ಬಿಗಿಯಾಗಿ ಸದ್ದು ಮಾಡುತ್ತದೆ. ಸೋತ ಬಟ್ಟೆ ಸದ್ದಿಲ್ಲದೆ ಬಿಟ್ಟುಕೊಡುತ್ತದೆ. ಎರಡೂ ದಿಕ್ಕಿಗೆ, ನಾಲ್ಕಾರು ಕಡೆ ಹೀಗೆ ಮಾಡಿ. ಅಂಗಡಿಯವರನ್ನು ಕೇಳಿ ಮೆಲ್ಲಗೆ ಮಾಡಿದರೆ ಯಾರೂ ಬೇಡ ಅನ್ನುವುದಿಲ್ಲ.

ಅಜ್ಜಿ ಅವತ್ತು ಒಂಬತ್ತು ಬಟ್ಟೆಯಲ್ಲಿ ನಾಲ್ಕನ್ನು ಪಕ್ಕಕ್ಕಿಟ್ಟರು. ನನಗೆ ತುಂಬಾ ಇಷ್ಟವಾಗಿದ್ದ ನವಿಲು ಬಣ್ಣದ ಸೀರೆ ಅದರಲ್ಲಿತ್ತು. ‘ಇದು ಮ್ಯಾಲ ಬ್ಯಾಡ, ನಡುವ ಹಾಕು’ ಅಂದರು. ಇದು ನೆನಪಿಡಬೇಕಾದ ಮಾತು. ಮೇಲ್ಪದರಕ್ಕೆ ಆಗದ ಮೆತ್ತನೆ ಬಟ್ಟೆ ನಡುಪದರಕ್ಕೆ ಆಗುತ್ತದೆ. ಅಲ್ಲಿ ಅದಕ್ಕೆ ಉಜ್ಜಾಟವಿಲ್ಲ, ಎಳೆತವೂ ಕಡಿಮೆ.

ಕಲೆಗಳ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಅರಿಶಿನದ ಕಲೆ ಸೋಪು ತಾಗಿದರೆ ಕೆಂಪಗಾಗುತ್ತದೆ, ಗಾಬರಿ ಬೇಡ, ಒದ್ದೆಯಲ್ಲೇ ಬಿಸಿಲಿಗೆ ಹಾಕಿದರೆ ಮಾಸುತ್ತಾ ಹೋಗುತ್ತದೆ. ಬೂಸ್ಟು ಹಿಡಿದ ಕಪ್ಪು ಚುಕ್ಕೆಗಳು ಮಾತ್ರ ಹೋಗುವುದು ಕಷ್ಟ, ಆ ಜಾಗದ ನೂಲೂ ಸೋತಿರುತ್ತದೆ. ಅದನ್ನು ಬಿಡಿ.

ಮನೆಗೆ ತಂದ ಮೇಲೆ: ಮೊದಲು ಒಗೆಯಿರಿ

ಹೊರಗಿನಿಂದ ತಂದ ಬಟ್ಟೆಯನ್ನು ಮಂಚದ ಮೇಲೆ, ಸೋಫಾ ಮೇಲೆ ಇಡಬೇಡಿ. ಹೊಲಿಗೆಯ ಸಂದಿಯಲ್ಲಿ ತಿಗಣೆ ಅಥವಾ ಅದರ ಮೊಟ್ಟೆ ಇರಬಹುದು. ಚೀಲ ಕಟ್ಟಿದ ಹಾಗೇ ನೇರ ಬಚ್ಚಲಿಗೆ ಒಯ್ದು, ಬಟ್ಟೆ ತಡೆಯುವಷ್ಟು ಬಿಸಿ ನೀರಿನಲ್ಲಿ ನೆನೆಸಿ. ವಾಷಿಂಗ್ ಮೆಷಿನ್ ಆದರೆ 60 ಡಿಗ್ರಿ ಇಡಿ. ಆ ಬಿಸಿಗೆ ತಿಗಣೆ, ಮೊಟ್ಟೆ ಎರಡೂ ಸಾಯುತ್ತವೆ. ಸುಮ್ನೆ ಬಿಸಿಲಿಗೆ ಹರಡಿದರೆ ಸಾಲದು.

ಬಿಸಿ ನೀರಿಗೆ ಇನ್ನೊಂದು ಕಾರಣ ಕುಗ್ಗುವಿಕೆ. ಬಹಳ ಸಲ ಒಗೆದ ಬಟ್ಟೆ ಕುಗ್ಗುವಷ್ಟು ಕುಗ್ಗಿರುತ್ತದೆ, ಹಳೇ ಬಟ್ಟೆಯ ದೊಡ್ಡ ಅನುಕೂಲವೇ ಇದು. ಆದರೆ ಟೈಲರ್ ಹತ್ತಿರದ ಹೊಸ ತುಂಡು, ಕಟ್ ಪೀಸು ಒಗೆದದ್ದಲ್ಲ. ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ. ಕುಗ್ಗಿದ್ದು, ಕುಗ್ಗದ್ದು ಪಕ್ಕಪಕ್ಕ ಬಂದರೆ ಕ್ವಿಲ್ಟ್ ಅಲ್ಲಲ್ಲಿ ಉಬ್ಬುತ್ತದೆ. ಎಲ್ಲವನ್ನೂ ಒಗೆದುಬಿಟ್ಟರೆ ಈ ತಲೆನೋವೇ ಇಲ್ಲ. ಚಿಕ್ಕ ತುಂಡುಗಳನ್ನು ದಿಂಬಿನ ಕವರಿನಲ್ಲಿ ಹಾಕಿ, ಬಾಯಿ ಕಟ್ಟಿ ಒಗೆಯಿರಿ, ನೂಲು ಬಿಟ್ಟುಕೊಂಡು ಗಂಟಾಗುವುದಿಲ್ಲ.

ಇನ್ನು ಬಣ್ಣ. ನನ್ನ ಎರಡನೇ ಕ್ವಿಲ್ಟಿನಲ್ಲಿ ಬಿಳಿ ಪಂಚೆಯ ಚೌಕಗಳ ಪಕ್ಕ ಕೆಂಪು ಕಾಟನ್ ಸೀರೆಯ ಚೌಕ ಇಟ್ಟಿದ್ದೆ. ಮೂರು ತಿಂಗಳ ಕೆಲಸ ಅದು. ಮೊದಲ ಸಲ ಒಗೆದಾಗ ಪ್ರತಿ ಬಿಳಿ ಚೌಕದ ಅಂಚೂ ಗುಲಾಬಿಯಾಯಿತು. ಎಷ್ಟು ಸಂಕಟವಾಯಿತು ಅಂದರೆ ಒಂದು ವಾರ ಅದನ್ನು ಹಗ್ಗದ ಮೇಲಿಂದ ತೆಗೆಯಲೇ ಇಲ್ಲ. ಈಗ ಪ್ರತಿ ಕಡುಬಣ್ಣದ ಬಟ್ಟೆಗೂ ಪರೀಕ್ಷೆ ಮಾಡುತ್ತೇನೆ. ಗಾಜಿನ ಲೋಟದಲ್ಲಿ ಬಿಸಿ ನೀರು, ಚೂರು ಸೋಪಿನ ಪುಡಿ ಹಾಕಿ, ಬಟ್ಟೆಯ ಚಿಕ್ಕ ತುಂಡು ಅದ್ದಿ ಹತ್ತು ನಿಮಿಷ ಬಿಡಿ. ನೀರಿಗೆ ಬಣ್ಣ ಬಂದರೆ, ಒದ್ದೆ ತುಂಡನ್ನು ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಮಾಡಿ. ಬಿಳಿಗೆ ಗುರುತು ಕೂತರೆ ಆ ಬಟ್ಟೆ ಇನ್ನೂ ಸಿದ್ಧವಿಲ್ಲ.

ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರೆ. ಬಣ್ಣ ಹಾಕುವಾಗ ಉಪ್ಪಿಗೆ ಕೆಲಸವಿದೆ ನಿಜ. ಆದರೆ ಅಂಗಡಿಗೆ ಬಂದ ಮೇಲೆ ಬಟ್ಟೆಯಲ್ಲಿ ಸಡಿಲವಾಗಿ ಉಳಿದ ಬಣ್ಣವನ್ನು ಉಪ್ಪು ಕಟ್ಟಿಹಾಕುವುದಿಲ್ಲ. ಆ ಸಡಿಲ ಬಣ್ಣ ತೊಳೆದುಹೋಗಬೇಕು, ಅಷ್ಟೇ ದಾರಿ. ನೀರು ತಿಳಿಯಾಗುವವರೆಗೆ ಬಿಸಿ ನೀರಿನಲ್ಲಿ ಮತ್ತೆ ಮತ್ತೆ ಒಗೆಯಿರಿ. ಐದಾರು ಸಲವಾದರೂ ಬಿಡುತ್ತಿದ್ದರೆ ಅದನ್ನು ಬಿಳಿಯ ಪಕ್ಕ ಇಡುವ ಆಸೆ ಬಿಡಿ.

ಬಹಳ ಒಗೆದ ಹತ್ತಿ ಮೆತ್ತಗಾಗಿ, ಕತ್ತರಿಸುವಾಗ ಜೋತು ಬೀಳುತ್ತದೆ. ಅದಕ್ಕೆ ಅನ್ನದ ಗಂಜಿಯೇ ಮದ್ದು. ತೆಳುವಾಗಿ ಸೋಸಿ, ಅದ್ದಿ, ಒಣಗಿಸಿ, ಇಸ್ತ್ರಿ ಮಾಡಿದರೆ ಬಟ್ಟೆ ಕಾಗದದ ಹಾಗೆ ನಿಲ್ಲುತ್ತದೆ, ಅಳತೆ ಕರಾರುವಾಕ್ಕಾಗಿ ಬರುತ್ತದೆ. ಕೂಡಲೇ ಹೊಲಿಯುವ ಬಟ್ಟೆಗಷ್ಟೇ ಗಂಜಿ ಹಾಕಿ. ಗಂಜಿ ಹಾಕಿ ತಿಂಗಳುಗಟ್ಟಲೆ ಇಟ್ಟರೆ ಹುಳ ಬರುತ್ತದೆ.

ಒಂದು ಶರ್ಟು ಬಿಚ್ಚಿ ನೋಡೋಣ

ತುಂಬುತೋಳಿನ, ನೀಲಿ ಗೆರೆಯ ಹತ್ತಿ ಶರ್ಟು ಅಂದುಕೊಳ್ಳಿ. ಹೊಲಿಗೆ ಬಿಚ್ಚುತ್ತಾ ಕೂರಬೇಡಿ, ಹೊಲಿಗೆಯ ಪಕ್ಕದಲ್ಲೇ ಕತ್ತರಿಸಿ. ಮೊದಲು ಬಟನ್ ತೆಗೆದು ಡಬ್ಬಿಗೆ ಹಾಕಿ. ಕಾಲರ್, ಕಫ್, ಬಟನ್ ಪಟ್ಟಿ, ಕಾಜಾ ಪಟ್ಟಿ ಕತ್ತರಿಸಿ ತೆಗೆಯಿರಿ. ತೋಳನ್ನು ಭುಜದಿಂದ ಬೇರೆ ಮಾಡಿ, ಕಂಕುಳಿನ ಹೊಲಿಗೆಯ ಗುಂಟ ಸೀಳಿದರೆ ಹಲಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಬೆನ್ನು ಒಂದು ದೊಡ್ಡ ತುಂಡು, ಎದೆ ಎರಡು ತುಂಡು, ತೋಳು ಎರಡು.

ಎದೆಯ ಜೇಬನ್ನು ಮಾತ್ರ ಸೂಜಿಯಲ್ಲಿ ನಿಧಾನವಾಗಿ ಬಿಚ್ಚಿ. ಕೆಳಗೆ ಶರ್ಟಿನ ಮೊದಲ ದಿನದ ಬಣ್ಣ ಇರುತ್ತದೆ. ಸುತ್ತ ಮಾಸಿದ ಆಕಾಶನೀಲಿ, ಜೇಬಿದ್ದ ಕಡೆ ಕಡುನೀಲಿಯ ಚೌಕ. ಹೊಲಿಗೆ ಇದ್ದ ಗುಂಟ ಸೂಜಿ ತೂತಿನ ಸಾಲು. ನಾನು ಆ ತುಂಡನ್ನು ಎಂದೂ ಎಸೆಯುವುದಿಲ್ಲ, ಅದನ್ನು ಹಾಗೇ ಒಂದು ಚೌಕವಾಗಿ ಬಳಸುತ್ತೇನೆ.

ದೊಡ್ಡವರ ಒಂದು ಶರ್ಟಿನಿಂದ ಐದಿಂಚಿನ ಚೌಕ ಸುಮಾರು 40 ಸಿಗುತ್ತವೆ. ಬೆನ್ನಿನಿಂದಲೇ ಹದಿನಾರರಷ್ಟು ಬರುತ್ತವೆ. ಜೀನ್ಸ್ ದಪ್ಪ ಬಟ್ಟೆ, ಅದನ್ನು ಶರ್ಟಿನ ಬಟ್ಟೆಯ ಜೊತೆ ಸೇರಿಸಿದರೆ ತೆಳ್ಳಗಿನದು ಎಳೆದುಕೊಂಡು ಹರಿಯುತ್ತದೆ. ಜೀನ್ಸಿನದ್ದೇ ಬೇರೆ ಕ್ವಿಲ್ಟ್ ಮಾಡಿ.

ಎಷ್ಟು ಬಟ್ಟೆ ಬೇಕು?

ಲೆಕ್ಕ ಸುಲಭ. ಐದಿಂಚಿನ ಚೌಕಕ್ಕೆ ಪ್ರತಿ ಬದಿಯಲ್ಲೂ ಕಾಲು ಇಂಚು ಹೊಲಿಗೆಯೊಳಗೆ ಹೋಗುತ್ತದೆ. ಉಳಿಯುವುದು ನಾಲ್ಕೂವರೆ ಇಂಚು. ಒಬ್ಬರು ಹೊದೆಯುವಷ್ಟು, ಅಂದರೆ ಸುಮಾರು ಐದು ಅಡಿ ಅಗಲ, ಏಳೂವರೆ ಅಡಿ ಉದ್ದದ ಕ್ವಿಲ್ಟಿಗೆ ಅಡ್ಡಕ್ಕೆ 13, ಉದ್ದಕ್ಕೆ 20 ಚೌಕ ಬೇಕು. ಒಟ್ಟು 260. ಅಂದರೆ ಆರೇಳು ಶರ್ಟು.

ಸೀರೆಯಾದರೆ? ಐದೂವರೆ ಮೀಟರ್ ಉದ್ದ, ಸುಮಾರು 45 ಇಂಚು ಅಗಲ. ಉದ್ದಕ್ಕೆ 43, ಅಗಲಕ್ಕೆ 9, ಒಟ್ಟು 387 ಚೌಕ. ಸವೆದ ಅರ್ಧ ಬಿಟ್ಟರೂ 190 ಉಳಿಯುತ್ತವೆ. ಒಂದೇ ಸೀರೆ ಇಷ್ಟು ಕೊಡುತ್ತದೆ ಅಂತ ಎಣಿಸಿದಾಗ ನನಗೂ ಆಶ್ಚರ್ಯವಾಗಿತ್ತು. ಹಾಗಾಗಿ ಮೊದಲೇ ಮೂಟೆಗಟ್ಟಲೆ ಕೊಳ್ಳಬೇಡಿ. ಎರಡು ಸೀರೆ, ಮೂರು ಶರ್ಟು ಬೇಕಾದಷ್ಟಾಯಿತು.

ನಡುವೆ ಏನು, ಕೆಳಗೆ ಏನು?

ಬೆಂಗಳೂರಿನ ಜನವರಿ ರಾತ್ರಿ ಸಾಮಾನ್ಯವಾಗಿ 15–16 ಡಿಗ್ರಿಗೆ ಇಳಿಯುತ್ತದೆ. ಇದಕ್ಕೆ ದಪ್ಪ ಹತ್ತಿ ತುಂಬುವ ಅಗತ್ಯವಿಲ್ಲ. ಒಂದೆರಡು ಪದರ ಹಳೇ ಮೆತ್ತನೆ ಸೀರೆ ಸಾಕು. ಬಿಡಿ ಹತ್ತಿ ತುಂಬಿದರೆ ಒಗೆದಾಗ ಮೂಲೆಗೆ ಸರಿದು ಗಡ್ಡೆಗಟ್ಟುತ್ತದೆ. ಸೀರೆ ಸರಿಯುವುದಿಲ್ಲ. ಆದರೆ ಪದರ ಹೆಚ್ಚಿದಷ್ಟೂ ಒದ್ದೆಯಾದಾಗ ಭಾರ, ಮಳೆಗಾಲದಲ್ಲಿ ಒಣಗುವುದು ಎರಡು ಮೂರು ದಿನ. ಬಾಲ್ಕನಿ ಮಾತ್ರ ಇರುವವರು ನಡುವೆ ಒಂದೇ ಪದರ ಹಾಕಿ.

ಅಸ್ತರಿಗೂ ಸೀರೆಯೇ ಬಲು ಅನುಕೂಲ. ಒಂದು ಸೀರೆಯನ್ನು ನಡುವಿಗೆ ಎರಡು ಮಾಡಿ, ಉದ್ದಕ್ಕೆ ಜೋಡಿಸಿದರೆ 108 ಇಂಚು ಉದ್ದ, ಹತ್ತಿರ ಹತ್ತಿರ 90 ಇಂಚು ಅಗಲ ಸಿಗುತ್ತದೆ. ನಮ್ಮ ಅಳತೆಗೆ ಸಾಕಾಗಿ ಮಿಗುತ್ತದೆ. ಡಬಲ್ ಬೆಡ್‌ಶೀಟೂ ಆಗುತ್ತದೆ. ಆದರೆ ತೀರಾ ಒತ್ತಾಗಿ ನೇಯ್ದ ಬೆಡ್‌ಶೀಟಿನಲ್ಲಿ ಕೈಸೂಜಿ ಇಳಿಯುವುದಿಲ್ಲ, ಬೆರಳು ನೋಯುತ್ತದೆ. ಕೊಳ್ಳುವಾಗ ಒಂದು ಸೂಜಿ ಜೊತೆಗಿರಲಿ, ಮೂಲೆಯಲ್ಲಿ ಚುಚ್ಚಿ ನೋಡಿ.

ಹೊಲಿಯುವಾಗ ನೆನಪಿಡಬೇಕಾದ್ದು

ಮೂರೂ ಪದರ ನೆಲದ ಮೇಲೆ ಹಾಸಿ, ಸುಕ್ಕು ತೆಗೆದು, ಗೇಣಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಆಮೇಲೆ ಅಸಲಿ ಹೊಲಿಗೆ. ಮೆಷಿನ್ನಿನಲ್ಲಾದರೆ ಶರ್ಟಿನ ಬಟ್ಟೆಗೆ 14 ನಂಬರ್ ಸೂಜಿ, ಜೀನ್ಸಿಗೆ 16. ದಾರವೂ ಹತ್ತಿಯದೇ ಇರಲಿ. ಹಳೇ ಹತ್ತಿಯ ಮೇಲೆ ಗಟ್ಟಿ ನೈಲಾನ್ ದಾರ ಹಾಕಿದರೆ, ಎಳೆತ ಬಿದ್ದಾಗ ದಾರ ಉಳಿದು ಬಟ್ಟೆ ಕತ್ತರಿಸುತ್ತದೆ. ಹಳೇ ಬಟ್ಟೆಯಾದ್ದರಿಂದ ಹೊಲಿಗೆಯ ಸಾಲುಗಳು ಹತ್ತಿರ ಹತ್ತಿರ ಇರಲಿ. ಎರಡು ಸಾಲಿನ ನಡುವೆ ಎರಡು ಬೆರಳಿಗಿಂತ ಜಾಸ್ತಿ ಜಾಗ ಬೇಡ. ಒಂದು ನೂಲು ಹರಿದರೂ ಪಕ್ಕದ ಸಾಲು ಹಿಡಿದುಕೊಳ್ಳುತ್ತದೆ. ಕೌದಿಯಲ್ಲಿ ಹೊಲಿಗೆ ಅಷ್ಟು ಒತ್ತಾಗಿರುವುದು ಇದಕ್ಕೇ.

ಪ್ರತಿ ಬಟ್ಟೆಯಿಂದಲೂ ಎರಡು ಚೌಕ ಎತ್ತಿಡಿ. ಮುಂದೆ ಎಲ್ಲಾದರೂ ಹರಿದರೆ ಆ ಚೌಕವನ್ನು ಬಿಚ್ಚಬೇಕಿಲ್ಲ. ಹೊಸ ತುಂಡಿನ ಅಂಚು ಒಳಕ್ಕೆ ಮಡಿಸಿ, ಹರಿದದ್ದರ ಮೇಲೇ ಇಟ್ಟು ಸುತ್ತ ಹೊಲಿದರೆ ಆಯಿತು. ಎದುರು ಮನೆಯ ಅಜ್ಜಿಯ ಕೌದಿಗೆ ಹೀಗೆ ಎಷ್ಟೋ ತೇಪೆಗಳಿವೆ. ಕೆಲವು ಅವರ ತಾಯಿ ಹಾಕಿದ್ದು. ಈ ಸಂಕ್ರಾಂತಿಯ ಹಿಂದಿನ ವಾರ ಅದರ ಒಂದು ಮೂಲೆ ಹರಿದಿತ್ತು. ಅಲ್ಲಿ ಈಗ ನೀಲಿ ಗೆರೆಯ ತುಂಡೊಂದು ಇದೆ, ನಡುವೆ ಜೇಬಿನ ಕಡುನೀಲಿ ಗುರುತು.